ಚೌಕಕ್ಕೆ ನೀರು ಹಾಕೋ ನಿಂಬವ್ವ

ಕಾಲು ಚಾಚಿ ಮಲಕ್ಕೋ ಕೂಸೇ, ನನ್ನ ಸೆರಗು ಎಳೀಬೇಡ, ಹೇಳ್ತೀನಿ. ಒಂದಾನೊಂದು ಕಾಲ, ನನ್ನಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿದ್ದ ಕಾಲ, ಕರಿಕೋಟೆ ಅಂತ ಒಂದು ಪಟ್ಟಣ ಇತ್ತಂತೆ. ಪಟ್ಟಣದ ನಟ್ಟನಡುವೆ, ಕೋಟೆ ಬಾಗಿಲ ಮುಂದೆ, ಒಂದು ದೊಡ್ಡ ಚೌಕ, ನೆಲಕ್ಕೆಲ್ಲ ಕರೀ ಕಲ್ಲು. ವರ್ಷಕ್ಕೊಂದು ಸಲ, ಬೇಸಿಗೆ ಹುಣ್ಣಿಮೆ ದಿನ ದೀಪ ಹಚ್ಚೋ ಹೊತ್ತಿಗೆ, ಇಡೀ ಪಟ್ಟಣವೇ ಬಂದು ಆ ಕಲ್ಲಿನ ಮೇಲೆ ಚಾಪೆ ಹಾಸಿ ಕೂರೋದಂತೆ. ದುರುಗಪ್ಪಜ್ಜ ಅನ್ನೋ ಮುದುಕ ತಂಬೂರಿ ಹಿಡಿದು ಊರಿನ ಹಾಡು ಹಾಡೋನಂತೆ.

ಆ ಹಾಡು ಎಂಥದ್ದು ಅಂದ್ರೆ, ಚೌಕಕ್ಕೆ ದುಡಿದು ಸತ್ತವರ ಹೆಸರೆಲ್ಲ ಅದರಲ್ಲಿ ಬರೋದಂತೆ. ಕಟ್ಟಿಸಿದ ದೊರೆ ಮೊದಲು, ಆಮೇಲೆ ಕಲ್ಲು ಕಡಿದವರು, ಆಮೇಲೆ ದೀಪ ಹಚ್ಚಿದವರು, ಕಸ ಗುಡಿಸಿದವರು, ಎಲ್ಲರಿಗಿಂತ ಕೊನೆಗೆ ನೀರು ಹಾಕಿದವರು. ಅವರು ಯಾಕೆ ಕೊನೆಗೆ ಅಂತೀಯಾ? ಹಾಡು ಕಟ್ಟಿದೋನು ಒಂದು ದಿನಾನೂ ಕೊಡ ಹೊತ್ತೋನಲ್ಲ, ಅದಕ್ಕೇ. ಒಂದೊಂದು ಹೆಸರು ಬಂದಾಗಲೂ ಆ ಮನೆಯವರು ಕೂತಲ್ಲಿಂದಲೇ ಓ ಅನ್ನಬೇಕು. ಮೂರು ವರ್ಷ ಒಂದೇ ಸಮ ಯಾರೂ ಓ ಅನ್ನದಿದ್ರೆ ಆ ಹೆಸರನ್ನ ಹಾಡಿಂದ ತೆಗೆದೇಬಿಡೋರಂತೆ. ಪಕ್ಕದ ಮನೆಯವರು ಓ ಅಂದ್ರೆ ನಡೆಯಲ್ಲ.

ಆ ಊರಲ್ಲಿ ನಿಂಬವ್ವ ಅಂತ ಒಬ್ಬಳಿದ್ದಳಂತೆ. ಅವಳವ್ವ ಬಾಳವ್ವ ನಲವತ್ತು ಬೇಸಿಗೆ ಆ ಚೌಕಕ್ಕೆ ನೀರು ಹಾಕಿ ಹಾಕಿ ಒಂದು ದಿನ ಕಣ್ಣು ಮುಚ್ಚಿದಳು. ಅವಳ ಹೆಸರು ಹಾಡಿಗೆ ಸೇರಿತು, ಅವಳ ಕೊಡ ಮಗಳ ಸೊಂಟಕ್ಕೆ ಬಂತು. ಮನೇಲಿ ಇನ್ಯಾರೂ ಇಲ್ಲ. ಬಿಸಿಲಿಗೆ ಕಾದ ಕಲ್ಲು ಕಾವಲಿ ಹಾಗೆ ಸುಡುತ್ತಲ್ಲ, ನೂರು ಕೊಡ ಸೇದಿ ಹೊಯ್ದು ತಂಪು ಮಾಡಿದ ಮೇಲೇ ಜನ ಕೂರೋದು.

ಮೊದಲನೇ ವರ್ಷ ನಿಂಬವ್ವ ನೂರು ಕೊಡ ಹೊಯ್ದು, ಸಾಕಾಗಿ, ಚೌಕದ ಹಿಂದುಗಡೆ ಬಾವಿಕಟ್ಟೆಗೆ ಒರಗಿದಳಂತೆ. ಒದ್ದೆ ಕಲ್ಲಿಂದ ತಣ್ಣನೆ ಗಾಳಿ ಬಂತು, ತಂಬೂರಿ ಜುಂ ಅಂತು, ದೊರೆ ಹೆಸರು ಕೇಳಿಸಿತು, ಅಷ್ಟೇ. ಕಣ್ಣು ಬಿಟ್ಟು ನೋಡಿದ್ರೆ ಚೌಕದಲ್ಲಿ ಒಂದು ನಾಯಿನೂ ಇಲ್ಲ.

ಎರಡನೇ ವರ್ಷ ಬಾಯಿಗೆ ಹಸಿಮೆಣಸಿನಕಾಯಿ ಇಟ್ಕೊಂಡು, ಜಡೆಯನ್ನ ರಾಟೆ ಕಂಬಕ್ಕೆ ಬಿಗಿದು, ನಿಂತೇ ಇದ್ದಳಂತೆ. ಕಲ್ಲು ಕಡಿದವರು ಹೋದರು, ದೀಪದವರು ಹೋದರು, ಹೆಸರುಗಳು ಕೋಟೆ ಮೇಲಿನ ಪಾರಿವಾಳದ ಹಾಗೆ ಒಂದೊಂದೇ ಮೇಲಕ್ಕೆ ಹಾರಿದ ಹಾಗಾಯ್ತು, ಅವುಗಳ ಹಿಂದೆ ತಾನೂ ತೇಲಿಕೊಂಡು ಹೋದ ಹಾಗಾಯ್ತು. ನಿಂತಲ್ಲೇ ನಿದ್ದೆ! ಎದ್ದಾಗ ಕತ್ತು ಉಳುಕಿತ್ತಂತೆ, ಮೆಣಸಿನಕಾಯಿ ಬಾಯಲ್ಲೇ ಇತ್ತಂತೆ.

ಮೂರನೇ ವರ್ಷ ಬಂತು. ಅಂಥ ಬಿಸಿಲು ಯಾರೂ ಕಂಡಿರಲಿಲ್ಲ, ನೂರೈವತ್ತು ಕೊಡ ಆದರೂ ಸಾಲದು. ನಿಂಬವ್ವ ಬೆಳಗ್ಗೆನೇ ಬಾವಿಕಟ್ಟೆ ಮೇಲೆ ಕೂತು ಅಳ್ತಾ ಇದ್ದಳಂತೆ. ಬಳೆ ಮಾರೋ ಗೌಸಬಿ ಬಂದು, ಯಾಕವ್ವಾ ತಂಗಿ ಅಂದಳು. ಇವತ್ತೂ ನಿದ್ದೆ ಹೋದ್ರೆ ಅವ್ವನ ಹೆಸರನ್ನ ನಾನೇ ಕೈಯಾರೆ ಅಳಿಸಿದ ಹಾಗೆ ಅಕ್ಕಾ, ಅಂದಳು ನಿಂಬವ್ವ. ಗೌಸಬಿ, ನಾನೇ ಬಂದು ಎಬ್ಬಿಸ್ತಿದ್ದೆ, ಏನು ಮಾಡ್ಲಿ, ಬಳೆಗಾರರ ಸಾಲು ಮುಂದಿದೆ, ಹಾಡು ಶುರುವಾದ್ರೆ ಏಳೋ ಹಾಗಿಲ್ಲ ಅಂದು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಬಳೆಬುಟ್ಟಿ ಎತ್ಕೊಂಡು ಹೋದಳಂತೆ. ಮನೆಮನೆಗೆ ಹೋಗಿ, ಹೆಂಗಸರ ಕೈ ಹಿಡಿದು ಬಳೆ ತೊಡಿಸ್ತಾ ತೊಡಿಸ್ತಾ ಕಿವೀಲಿ ಏನೋ ಹೇಳಿದಳಂತೆ. ಕೈ ಬಳೆಗಾರ್ತಿ ಹತ್ರ ಇದ್ದಾಗ ಯಾರು ತಾನೇ ಇಲ್ಲ ಅಂತಾರೆ?

ಸಂಜೆ ನಿಂಬವ್ವ ಮೊದಲನೇ ಕೊಡ ಸೇದಿ ತಿರುಗಿ ನೋಡ್ತಾಳೆ, ಜನವೋ ಜನ! ಒಂದು ಕೈಯಲ್ಲಿ ಚಾಪೆ, ಒಂದು ಕೈಯಲ್ಲಿ ತಂಬಿಗೆ. ಅವರವರು ಕೂರೋ ಕಲ್ಲಿಗೆ ಅವರವರೇ ನೀರು ಹೊಯ್ದರಂತೆ. ದೊರೆಮನೆ ಯಜಮಾನ ಮಾತ್ರ ಬೆಳ್ಳಿ ಗಿಂಡಿ ತಂದು, ಮೂರು ಹನಿ ಚಿಮುಕಿಸಿ, ಠೀವಿಯಿಂದ ಕೂತು, ಅಯ್ಯಯ್ಯೋ ಅಂತ ಎದ್ದನಂತೆ. ಗೌಸಬಿ ಬಂದು ನಿಂಬವ್ವನ ಕೈಯಿಂದ ಹಗ್ಗ ಕಿತ್ಕೊಂಡು, ಕೂತ್ಕೋ ಅಂದಳು. ನಿಂಬವ್ವ ಖಾಲಿ ಕೈ ಮಡಿಲಲ್ಲಿಟ್ಕೊಂಡು ಕೂತಳಂತೆ.

ಆಮೇಲೆ ಚಂದ್ರ ಬಂದ, ಒದ್ದೆ ಕಲ್ಲೆಲ್ಲ ಕೆರೆ ಹಾಗೆ ಹೊಳೀತು. ಹಾಡಲ್ಲಿ ದೊರೆ ಹೆಸರು ಹೋಯ್ತು, ಕಲ್ಲಿನವರು, ದೀಪದವರು, ಕಸದವರು ಎಲ್ಲ ಹೋದರು. ಕೊನೆಗೆ ದುರುಗಪ್ಪಜ್ಜ, ಬಾಳವ್ವಾ, ಅಂದನಂತೆ. ನಿಂಬವ್ವ ಬಾಯಿ ತೆರೆದಳು. ಏನು ಮಾಡಿದ್ರೂ ಸ್ವರವೇ ಹೊರಡಲಿಲ್ಲ. ಇಡೀ ಚೌಕ ಅವಳ ಕಡೆಗೇ ತಿರುಗಿತ್ತು, ಅವಳ ಬದಲು ಯಾರೂ ಓ ಅನ್ನೋ ಹಾಗಿಲ್ಲ. ದುರುಗಪ್ಪಜ್ಜ ಮಾತ್ರ ಆ ಹೆಸರನ್ನ ಬಿಡಲಿಲ್ಲ. ಎಳೆದ, ಇನ್ನೂ ಎಳೆದ, ಮುದುಕನ ಕತ್ತಿನ ನರ ಉಬ್ಬಿತು, ಉಸಿರು ಮುಗೀತಾ ಬಂತು, ಆಗ ನಿಂಬವ್ವ, ಓ ಅಂದಳಂತೆ!

ಎಂಥಾ ಓ ಅಂತೀಯಾ! ಕೋಟೆ ಗೋಡೆಗೆ ಬಡಿದು ಅದು ತಿರುಗಿ ಬಂತಂತೆ. ಅತ್ತ ಕಡೆಯಿಂದ ಅವ್ವನೇ ಓ ಅಂದ ಹಾಗಿತ್ತಂತೆ ಅವಳಿಗೆ. ಅಷ್ಟು ಕೇಳಿದ್ದೇ ನಿಂಬವ್ವ ಕಲ್ಲಿನ ಮೇಲೆ ಮಗ್ಗುಲಾಗಿ, ಗೊರಕೆ ಹೊಡೆಯೋಕೆ ಶುರು ಮಾಡಿದಳಂತೆ. ಅವಳು ಏಳಬಾರದು ಅಂತ ಹೆಂಗಸರೆಲ್ಲ ಬಳೆ ಸದ್ದಾಗದ ಹಾಗೆ ಕೈ ಹಿಡ್ಕೊಂಡು, ಚಾಪೆ ಸುತ್ಕೊಂಡು, ಸುಮ್ಮನೆ ಮನೆಗೆ ಹೋದರಂತೆ. ಅವತ್ತಿಂದ ಕರಿಕೋಟೆ ಜನ ತಂಬಿಗೆ ಇಲ್ಲದೆ ಚೌಕಕ್ಕೆ ಬರೋದಿಲ್ಲವಂತೆ. ನಿಂಬವ್ವ ಸುಖವಾಗಿ ಮಲಗಿದಳು, ನನ್ನ ಕತೆಯೂ ಅವಳ ಪಕ್ಕ ಮಲಗ್ತು.