ಬಾವಿಯ ತನಕ ಹಾಸದ ನಡೆಮಡಿ

"ಬುದ್ಧಿ, ತಿಳಿಯದೆ ಮಾಡಿದ ತಪ್ಪಿಗೆ ಮನುಷ್ಯ ಹೊಣೆಯೇ?"

ಹೀಗೆ ಗುರುಗಳನ್ನು ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಸೋಮಲಿಂಗ. ಕೇಳಿ ತಲೆ ತಗ್ಗಿಸಿದ. ಕೇಳುವುದಕ್ಕೆ ಅವನಿಗೆ ಕಾರಣವಿತ್ತು. ಕಳೆದ ಮಳೆಗಾಲದಲ್ಲಿ ಉಗ್ರಾಣದ ಕಂಬಗಳಿಗೆ ಗೆದ್ದಲು ಹಿಡಿದಾಗ, ಅಟ್ಟದ ಮೇಲಿದ್ದ ಹಳೆಯ ಡಬ್ಬಿಗಳ ಗೆದ್ದಲು ಔಷಧವನ್ನು ತೆಗೆದು ಹೊಯ್ದಿದ್ದ. ಉಳಿದದ್ದನ್ನು ಬಾವಿಯ ಹಿಂದಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿದ್ದ. ಈಚೆಗೆ ಪೇಟೆಯ ಅಂಗಡಿಯವನೊಬ್ಬ ಮಾತಿನ ನಡುವೆ ಹೇಳಿದ: ಅದು ಕ್ಲೋರಿನ್ ಬೆರೆತ ಔಷಧ, ಅದರ ಮಾರಾಟ ನಿಂತು ಎಷ್ಟೋ ವರ್ಷವಾಯಿತು, ಮಣ್ಣಿಗೆ ಬಿದ್ದರೆ ಬೇಗ ನಾಶವಾಗುವುದಿಲ್ಲ, ಹತ್ತಿರ ಬಾವಿ ಇದ್ದರೆ ಪರೀಕ್ಷೆ ಮಾಡಿಸದೆ ನೀರು ಕುಡಿಯಬೇಡಿ.

ಅಂದಿನಿಂದ ಸೋಮಲಿಂಗ ಮಠದ ಬಾವಿಯ ನೀರು ಕುಡಿದಿರಲಿಲ್ಲ. ರಸ್ತೆಯ ನಲ್ಲಿಯಿಂದ ಬಾಟಲಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ಆದರೆ ಯಾರಿಗೂ ಹೇಳಿರಲಿಲ್ಲ. ಮಠದಲ್ಲಿದ್ದು ಶಾಲೆಗೆ ಹೋಗುವ ಮಕ್ಕಳು ಅದೇ ಬಾವಿಯ ನೀರನ್ನು ಕುಡಿಯುತ್ತಿದ್ದರು.

ಗುರುಗಳು ಪೀಠಕ್ಕೆ ಹೊಸಬರು. ಹಿಂದಿನ ಗುರುಗಳು ಎಂಥ ಪ್ರಶ್ನೆಗೂ ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ಒಂದು ಕತೆ ಹೇಳಿ ಮುಗಿಸುತ್ತಿದ್ದರು. ಇವರು ಪೂರ್ವಾಶ್ರಮದಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದವರು. ಬಿಡಿಸಿ ಬಿಡಿಸಿ ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಒಂದು ಕತೆ ಹೇಳುತ್ತೇನೆ," ಎಂದರು. "ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪೀಠಕ್ಕೆ ಬಂದ ಮೇಲೆ ಇದೇ ಮೊದಲ ಕತೆ. ಚೆನ್ನಾಗಿ ಹೇಳಲು ಬರುವುದಿಲ್ಲ. ಎಲ್ಲಿಯಾದರೂ ಸಿಕ್ಕು ಬಿದ್ದರೆ ನೀನೇ ಬಿಡಿಸಿಕೋ."

ಒಂದು ಊರಿನಲ್ಲಿ ಒಬ್ಬ ಮಡಿವಾಳನಿದ್ದ. ಪಕ್ಕದ ಮನೆಯಲ್ಲಿ ಒಬ್ಬ ರೈತನಿದ್ದ. ರೈತನ ಹಿತ್ತಿಲಲ್ಲಿ ಒಂದು ಬಾವಿಯಿತ್ತು. ಬೀದಿಯವರೆಲ್ಲ ಆ ಬಾವಿಯ ನೀರನ್ನೇ ಕುಡಿಯುತ್ತಿದ್ದರು.

ಮಡಿವಾಳನ ಮನೆತನದಲ್ಲಿ ಒಂದು ನಿಯಮವಿತ್ತು. ಬಟ್ಟೆ ಒಗೆದ ಕೊಳೆನೀರನ್ನು ಹೊಳೆಗೆ ಬಿಡಬಾರದು, ಬಾಳೆಯ ಬುಡಕ್ಕೆ ಹಾಕಬೇಕು.

"ಇದು ಒಳ್ಳೆಯ ನಿಯಮ, ಗಮನಿಸು," ಎಂದರು ಗುರುಗಳು. "ಆ ಕಾಲದ ಕೊಳೆನೀರೆಂದರೆ ಬೂದಿ, ಸವುಳು ಮಣ್ಣು, ಮೈಬೆವರು. ಅವು ಮಣ್ಣಿಗೆ ನೆಂಟರು. ಮಣ್ಣು ಅವನ್ನು ಒಳಗೆ ಕರೆದು ಅರಗಿಸಿಕೊಳ್ಳುತ್ತಿತ್ತು. ನಿಯಮ ಮಾಡಿದವರು ದಡ್ಡರಲ್ಲ ಎಂದು ತಿಳಿಸಲಿಕ್ಕೆ ಇಷ್ಟು ಹೇಳಿದೆ."

ಕಾಲ ಬದಲಾಯಿತು. ಜರಿ ಸೀರೆ, ಉಣ್ಣೆಯ ಕೋಟು ಬಂದವು. ಅವನ್ನು ನೀರಿಗೆ ಹಾಕುವಂತಿಲ್ಲ. ಪೇಟೆಯ ವ್ಯಾಪಾರಿಯೊಬ್ಬ ಮಡಿವಾಳನಿಗೆ ಒಂದು ದ್ರವ ತಂದುಕೊಟ್ಟ. ನೋಡಲು ನೀರಿನಂತೆಯೇ ಇತ್ತು, ನೀರಲ್ಲ. ಎಂಥ ಎಣ್ಣೆ ಜಿಡ್ಡನ್ನೂ ಎಳೆದುಕೊಳ್ಳುತ್ತಿತ್ತು. ಮಡಿವಾಳ ಡ್ರೈ ಕ್ಲೀನಿಂಗ್ ಎಂದು ಬೋರ್ಡು ಬರೆಸಿದ. ಕೆಲಸವಾದ ಮೇಲೆ ತಳದಲ್ಲಿ ಕಪ್ಪು ಗಸಿ ಉಳಿಯುತ್ತಿತ್ತು. ಅದೂ ಕೊಳೆನೀರೇ ಎಂದುಕೊಂಡ. ಅಪ್ಪ ಹೇಳಿಕೊಟ್ಟಂತೆ ಹೊಳೆಗೆ ಬಿಡಲಿಲ್ಲ. ಬಾಳೆಯ ಬುಡಕ್ಕೆ ಸುರಿದ. ಭಕ್ತಿಯಿಂದಲೇ ಸುರಿದ.

"ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು," ಎಂದು ಗುರುಗಳು ಬೆರಳು ಎತ್ತಿದರು. "ಆ ದ್ರವದಲ್ಲಿ ಕ್ಲೋರಿನ್ ಇತ್ತು. ಕುಡಿಯುವ ನೀರಿನ ಹುಳ ಸಾಯಲೆಂದು ಹಾಕುತ್ತಾರಲ್ಲ, ಆ ಕ್ಲೋರಿನ್ ಎಂದು ತಿಳಿಯಬೇಡ. ಇದು ಕ್ಲೋರಿನ್ ಇಂಗಾಲದ ಜೊತೆ ಗಂಟು ಹಾಕಿಕೊಂಡ ವಸ್ತು. ಆ ಗಂಟು ಬಿಚ್ಚುವುದು ಮಣ್ಣಿಗೆ ಸುಲಭವಲ್ಲ. ಬಿಚ್ಚಲಾರದ್ದನ್ನು ಮಣ್ಣು ಕೆಳಕ್ಕೆ ಬಿಟ್ಟುಕೊಡುತ್ತದೆ. ಎಣ್ಣೆಯಾದರೆ ನೀರಿನ ಮೇಲೆ ತೇಲಿ ಕಣ್ಣಿಗೆ ಬೀಳುತ್ತದೆ. ಇದು ನೀರಿಗಿಂತ ಭಾರ. ಮುಳುಗಿ ತಳದಲ್ಲಿ ಕೂರುತ್ತದೆ."

ಬಾಳೆ ಒಣಗಿತು. ಮಡಿವಾಳ ಇನ್ನೊಂದು ಕಂದು ನೆಟ್ಟ. ಅದೂ ಒಣಗಿತು. ಕೆಲವು ವರ್ಷ ಕಳೆದ ಮೇಲೆ ರೈತನ ಬಾವಿಯ ನೀರಿಗೆ ಏನೋ ಸಿಹಿ ವಾಸನೆ ಬಂತು. ಆಳದ ನೀರು ಶುದ್ಧ ಎಂದು ಎಲ್ಲರೂ ಹೇಳಿದರು. ರೈತ ಬಾವಿಯನ್ನು ಇನ್ನೂ ಆಳಕ್ಕೆ ತೋಡಿಸಿದ. ಆ ವಸ್ತು ಕೂತಿದ್ದದ್ದು ಆಳದಲ್ಲಿಯೇ.

ಒಂದು ದಿನ ವ್ಯಾಪಾರಿ ಖಾಲಿ ಡ್ರಮ್ಮುಗಳೊಂದಿಗೆ ಬಂದ. ಗಸಿಯನ್ನು ಇನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಅದು ಬಾವಿಗೆ ಇಳಿಯುತ್ತದೆ, ಕುಡಿದವರ ಯಕೃತ್ತು ಕೆಡುತ್ತದೆ, ಬಸುರಿ ಬಾಣಂತಿಯರಿಗಂತೂ ಆಗದು ಎಂದು ಹೇಳಿ ಹೋದ. ಮಡಿವಾಳ ಬಾಳೆಯ ಕಡೆಗೆ ನೋಡಿದ. ಮರುದಿನದಿಂದ ತನ್ನ ಮನೆಗಷ್ಟೇ ಊರಾಚೆಯ ನೀರು ತರತೊಡಗಿದ. ಹೆಂಡತಿ ಯಾಕೆಂದು ಕೇಳಿದರೆ, ಆ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎಂದ.

ಸೋಮಲಿಂಗ ಪಕ್ಕದಲ್ಲಿದ್ದ ಬಾಟಲಿಯನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿದ. ಗುರುಗಳು ಕತೆ ಮುಂದುವರಿಸಿದರು.

ರೈತನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹೆತ್ತಳು. ಗಂಗೆಪೂಜೆಯ ದಿನ ಬಂತು. ಬಾಣಂತಿ ಬಾವಿಗೆ ಪೂಜೆ ಮಾಡಿ, ತಾನೇ ಒಂದು ಬಿಂದಿಗೆ ಸೇದಿ, ಆ ನೀರು ಕುಡಿದು ಬಂದು ಮಗುವಿಗೆ ಹಾಲೂಡಬೇಕು. ಮನೆಯ ಬಾಗಿಲಿನಿಂದ ಬಾವಿಯ ಕಟ್ಟೆಯ ತನಕ ಅವಳ ಕಾಲು ನೆಲಕ್ಕೆ ತಾಗಬಾರದು. ಅವಳ ಮುಂದೆ ಮಡಿಬಟ್ಟೆ ಹಾಸುತ್ತ ಹೋಗಬೇಕು. ಅದಕ್ಕೆ ನಡೆಮಡಿ ಎನ್ನುತ್ತಾರೆ. ಹಾಸುವ ಹಕ್ಕು ಮಡಿವಾಳನದು. ಅವನು ಹಾಸದೆ ಅವಳು ನಡೆಯುವಂತಿಲ್ಲ.

ಮಡಿವಾಳ ಹಾಸುತ್ತ ಬಂದ. ಬಾಣಂತಿ ಬಟ್ಟೆಯ ಮೇಲೆ ಹೆಜ್ಜೆ ಇಡುತ್ತ ಬಂದಳು. ಹಿತ್ತಿಲಿನ ನಡುವೆ ಅವನು ನಿಂತುಬಿಟ್ಟ. ಹೆಗಲ ಮೇಲೆ ಇನ್ನೂ ಬಟ್ಟೆ ಇತ್ತು.

ರೈತ ನಕ್ಕ. "ಏನಣ್ಣ, ಸೊಂಟ ಹಿಡಿಯಿತೋ, ಬಟ್ಟೆ ಸಾಲದಾಯಿತೋ? ಬೇಕಿದ್ದರೆ ನನ್ನ ಪಂಚೆಯನ್ನೂ ಬಿಚ್ಚಿ ಕೊಡುತ್ತೇನೆ, ನೀನೇ ಒಗೆದದ್ದು!"

ಹೆಂಗಸರೆಲ್ಲ ಸೆರಗು ಅಡ್ಡ ಹಿಡಿದು ನಕ್ಕರು.

"ಬಟ್ಟೆ ಇದೆ," ಎಂದ ಮಡಿವಾಳ. "ದಾರಿ ಇಲ್ಲ. ಈ ನೀರು ಇನ್ನು ಮಗಳ ಬಾಯಿಗೆ ಹೋಗಬಾರದು. ನಾನು ನನ್ನ ಹಿತ್ತಿಲಿಗೆ ಸುರಿದ ವಿಷ ನಿನ್ನ ಬಾವಿಗೆ ಇಳಿದಿದೆ."

ಯಾರೂ ನಗಲಿಲ್ಲ. ಬಾಣಂತಿ ಅದೇ ಬಟ್ಟೆಯ ಮೇಲೆ ತಿರುಗಿ ಮನೆಯೊಳಕ್ಕೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸೋಮಲಿಂಗನಿಗೆ ತಡೆಯಲಾಗಲಿಲ್ಲ.

"ರೈತ ಅವನನ್ನು ಏನು ಮಾಡಿದ, ಬುದ್ಧಿ?"

"ಬೈದ. ಬಾಯಿ ಸೋಲುವ ತನಕ ಬೈದ. ಅಂಗಡಿಗೆ ಬಟ್ಟೆ ಕೊಡುವವರು ಕಡಿಮೆಯಾದರು. ಬಾವಿಗೆ ಮುಳ್ಳು ಮುಚ್ಚಿದರು. ನೀರನ್ನು ಪರೀಕ್ಷೆಗೆ ಕಳಿಸಿದರು, ಅವನು ಹೇಳಿದ್ದೇ ನಿಜವಾಯಿತು. ಕುದಿಸಿ ಕುಡಿದರಾಯಿತು ಎಂದವರೂ ಇದ್ದರು. ಕುದಿಸಿದರೆ ಆ ವಸ್ತು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಒಲೆಯ ಮುಂದೆ ಕೂತವಳು ಅದನ್ನು ಉಸಿರಾಡಬೇಕು. ಇದು ಕತೆಗೆ ಬೇಕಿಲ್ಲದ ಮಾತು, ಆದರೂ ತಿಳಿದಿರಲಿ. ಮಡಿವಾಳ ತನ್ನ ಗಾಡಿಯಲ್ಲಿ ಬೀದಿಗೆಲ್ಲ ಊರಾಚೆಯ ನೀರು ತಂದು ಹಾಕಿದ. ಬೈದ ರೈತನ ಮನೆಗೂ ಹಾಕಿದ. ಮಗು ಚೆನ್ನಾಗಿ ಬೆಳೆಯಿತು."

ಗುರುಗಳು ಗಂಟಲು ಸರಿಮಾಡಿಕೊಂಡರು.

"ಇನ್ನು ನಿನ್ನ ಪ್ರಶ್ನೆ. ಬಾಳೆಯ ಬುಡಕ್ಕೆ ಸುರಿದಾಗ ಅವನಿಗೆ ತಿಳಿದಿರಲಿಲ್ಲ. ಅದನ್ನು ಒಂದು ಕಡೆ ಇಡೋಣ. ಆದರೆ ವ್ಯಾಪಾರಿ ಹೇಳಿದ ದಿನಕ್ಕೂ ನಡೆಮಡಿ ನಿಂತ ದಿನಕ್ಕೂ ನಡುವೆ ಬೀದಿಯವರು ಕುಡಿದ ನೀರಿದೆಯಲ್ಲ, ಅದು ತಿಳಿದು ಮಾಡಿದ್ದೋ, ತಿಳಿಯದೆ ಮಾಡಿದ್ದೋ ಎಂದರೆ, ಮೊದಲು ನಾವು ತಿಳುವಳಿಕೆ ಎಂಬುದನ್ನು ಎರಡಾಗಿ..."

ಅಷ್ಟರಲ್ಲಿ ಅಡುಗೆಯ ರಾಚಯ್ಯನ ದನಿ ಒಳಗಿನಿಂದ ಕೇಳಿತು.

"ಬುದ್ಧೀ, ದಯಮಾಡಿಸಬೇಕು! ಮಕ್ಕಳು ಪಂಕ್ತಿಗೆ ಕೂತವೆ, ಅನ್ನ ಆರಿಹೋಗ್ತದೆ. ಲೋ ಸೋಮಲಿಂಗ, ಇವತ್ತು ನೀರು ಬಡಿಸೋದು ನಿಂದಲ್ವೇನೋ? ಅಲ್ಲೇ ಬೇರು ಬಿಟ್ಟೆಯಾ?"

ಗುರುಗಳು ಮಾತನ್ನು ಅಲ್ಲಿಗೇ ಬಿಟ್ಟು ಎದ್ದರು. ಸೋಮಲಿಂಗನೂ ಎದ್ದ. ಎದ್ದಾಗ ಅವನ ಬೆನ್ನ ಹಿಂದಿದ್ದ ಬಾಟಲಿ ಉರುಳಿ ಮುಂದಕ್ಕೆ ಬಂತು. ಹೊಸ್ತಿಲ ಬಳಿ ಹೋಗಿದ್ದ ಗುರುಗಳು ತಿರುಗಿ ನೋಡಿದರು.

"ಅಟ್ಟದ ಡಬ್ಬಿಗಳು ಖಾಲಿಯಾದದ್ದೂ ನೀನು ನಲ್ಲಿಯ ನೀರು ತರುವುದೂ ನನಗೆ ಕಂಡಿದೆ. ಮಕ್ಕಳಿಗೆ ಯಾವ ನೀರು ಬಡಿಸುತ್ತೀಯೆ, ಬಾವಿಯದೋ, ಬಾಟಲಿಯದೋ?"

ಸೋಮಲಿಂಗ ಬಗ್ಗಿ ಬಾಟಲಿಯನ್ನು ಎತ್ತಿಕೊಂಡ. ಗುರುಗಳು ಹೊಸ್ತಿಲು ದಾಟದೆ ನಿಂತೇ ಇದ್ದರು.