ತಂತಿ ಸಿಕ್ಕಿಸಿಯೇ ಇತ್ತು

"ಅಜ್ಜಾರೇ, ಕೇಳದವರಿಗೆ ಕೊಡುವುದು ಹೇಗೆ?" ಎಂದು ಮಹಾನಂದಾ ಕೇಳಿದಳು.

ಮಠದ ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿದರು. "ಯಾರು ಕೇಳಲಿಲ್ಲ?"

"ನನ್ನ ತಂಗಿ ಸುಗಲಾ. ಅವಳ ಗಂಡ ತೀರಿಕೊಂಡಾಗ ಎಲ್ಲರೆದುರಿಗೇ ಕೈಹಿಡಿದು ಹೇಳಿದ್ದೆ, ಏನು ಬೇಕಾದರೂ ಒಂದು ಮಾತು ಹೇಳವ್ವಾ, ನಾನಿದ್ದೇನೆ ಅಂತ. ಹತ್ತು ತಿಂಗಳಲ್ಲಿ ಆ ಒಂದು ಮಾತು ಬರಲಿಲ್ಲ. ಜ್ವರ ಬಂದು ಎಂಟು ದಿನ ಮಲಗಿದ್ದಳಂತೆ. ಆಗಲೂ ಇಲ್ಲ. ನೆರೆಯವರು ಕದ ಒಡೆದು ಒಳಹೋದಾಗ ಎಲ್ಲ ಮುಗಿದಿತ್ತು. ಒಂದೇ ಊರು, ನಡುವೆ ಎರಡು ಓಣಿ. ಒಡಹುಟ್ಟಿದವಳ ಹತ್ತಿರ ಅಷ್ಟು ಬಿಗುಮಾನವೇ?"

ಆ ಮಾತಿನಲ್ಲಿ ದುಃಖದಷ್ಟೇ ಸಿಟ್ಟೂ ಇತ್ತು. ಸತ್ತವರ ಮೇಲೆ ಸಿಟ್ಟಾಗುವುದು ಸುಲಭ, ಅವರು ಎದುರಾಡುವುದಿಲ್ಲ. ಮಹಾನಂದಾ ಬಂದದ್ದು "ನಿನ್ನದೇನೂ ತಪ್ಪಿಲ್ಲ" ಎನ್ನಿಸಿಕೊಂಡು ಹೋಗಲು. ಓಣಿಯವರೆಲ್ಲ ಆಗಲೇ ಹಾಗೆ ಅಂದಿದ್ದರು. ಅದು ಸಾಲದೆ ಮಠದ ತನಕ ಬಂದಿದ್ದಳು.

"ಕರೆಂಟಿನ ವಿದ್ಯೆ ನನಗೆ ಗೊತ್ತಿಲ್ಲ. ಕೇಳಿದ್ದನ್ನು ಹೇಳುತ್ತೇನೆ" ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ದೊಡ್ಡ ಆಸ್ಪತ್ರೆ. ಗೇಟಿನಿಂದ ವಾರ್ಡು ಬಹಳ ದೂರ. ನಡೆಯಲಾಗದವರನ್ನು ಕರೆದೊಯ್ಯಲು ಒಂದು ಬ್ಯಾಟರಿ ಗಾಡಿ ಇತ್ತು. ದೊಡ್ಡವರು ಗಾಲ್ಫ್ ಆಡುವ ಕಡೆ ಓಡಾಡುತ್ತದಲ್ಲ, ಅಂಥದು. ಅದಕ್ಕೊಬ್ಬ ಚಾಲಕ. ಚಾಲಕನಿಗೆ ಕಣ್ಣಿನ ಆಪರೇಷನ್ ಆಯಿತು. ಗಾಡಿ ಬೇರೆಯವರ ಕೈಗೆ ಹೋಯಿತು. ತಾನಾಗಿ ನಿಲ್ಲುವ ತನಕ ಓಡಿಸಿದರು. ನಿಂತ ಮೇಲೆ ನಾಲ್ಕು ಜನ ತಳ್ಳಿಕೊಂಡು ಹೋಗಿ ಶೆಡ್ಡಿನಲ್ಲಿಟ್ಟರು. ಚಾರ್ಜರಿನ ತಂತಿ ಸಿಕ್ಕಿಸಿದರು. ತಮ್ಮ ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡು ಹೋದರು. ಚಾರ್ಜರಿನ ದೀಪ ಹತ್ತಿತೇ ಎಂದು ಯಾರೂ ತಿರುಗಿ ನೋಡಲಿಲ್ಲ. ಆಯುಧಪೂಜೆಯ ದಿನ ಬಂದು ಗಾಡಿಗೂ ಚಾರ್ಜರಿಗೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಚುರುಮುರಿ ಹಂಚಿದರು. ಆಗಲೂ ನೋಡಲಿಲ್ಲ.

ಎರಡು ತಿಂಗಳಿಗೆ ಚಾಲಕ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ. ಗಾಡಿ ಮಿಸುಕಲಿಲ್ಲ. ಮೆಕ್ಯಾನಿಕ್ ಬಂದ. ಪ್ಲಗ್ ನೋಡಿದ, ಫ್ಯೂಸ್ ನೋಡಿದ, ತಂತಿಯನ್ನು ಉದ್ದಕ್ಕೂ ತಡವಿ ನೋಡಿದ. ಎಲ್ಲ ಸರಿಯಾಗಿತ್ತು. "ಚಾರ್ಜರ್ ಹೋಗಿದೆ" ಎಂದ. ಹೊಸದು ಬಂತು. ಅದೂ ಉಸಿರೆತ್ತಲಿಲ್ಲ.

"ಏನ್ರೀ ಮಾಸ್ತರ, ಹೊಸಾದೂ ಮೂಗಿ ಆತೇನು?" ಎಂದು ಚಾಲಕ ನಕ್ಕ. "ಇರ್ಲಿ ಬಿಡ್ರಿ, ಹೊಸಾ ಸೊಸಿ ಮೊದಲನೇ ದಿನ ಎಲ್ಲಿ ಮಾತಾಡ್ತಾಳ."

ಮೆಕ್ಯಾನಿಕ್ ನಗಲಿಲ್ಲ. ಸೀಟು ಎತ್ತಿ, ಅಡಿಯಲ್ಲಿದ್ದ ಆರು ಬ್ಯಾಟರಿಗಳಿಗೆ ಒಂದೊಂದಾಗಿ ಮೀಟರ್ ಹಿಡಿದ. ಮೀಟರ್ ಕೆಳಗಿಟ್ಟು ಚಾಲಕನ ಕಡೆ ತಿರುಗಿದ.

"ಚಾರ್ಜರಿಗೆ ಏನೂ ಆಗಿಲ್ಲ. ಹಳೆಯದಕ್ಕೂ ಆಗಿರಲಿಲ್ಲ. ಇದನ್ನು ಮಾಡಿರುವುದೇ ಹೀಗೆ. ಬ್ಯಾಟರಿಯ ಕಡೆಯಿಂದ ಒಂದಿಷ್ಟು ಕರೆಂಟು ತಾಗಿದರೆ ಮಾತ್ರ ಕೊಡಲು ಶುರುಮಾಡುತ್ತದೆ. ಇವುಗಳಲ್ಲಿ ಅಷ್ಟೂ ಉಳಿದಿಲ್ಲ."

"ಅಲ್ರೀ, ಎರಡು ತಿಂಗಳು ತಂತಿ ಸಿಕ್ಕಿಸೇ ಇತ್ತಲ್ರಿ!"

"ಸಿಕ್ಕಿಸಿಯೇ ಇತ್ತು. ಬೇಕು ಅನ್ನುವುದಕ್ಕೂ ಒಳಗೆ ಒಂದಿಷ್ಟು ಇರಬೇಕಾಗುತ್ತದೆ."

ಮೆಕ್ಯಾನಿಕ್ ತನ್ನ ಅಂಗಡಿಗೆ ಹೋಗಿ ಹಳೇ ಕಾಲದ ಸಣ್ಣ ಚಾರ್ಜರ್ ಹೊತ್ತು ತಂದ. ಕೇಳಿದರೆ ಮಾತ್ರ ಕೊಡುವ ಬುದ್ಧಿವಂತಿಕೆ ಅದಕ್ಕಿರಲಿಲ್ಲ. ಹಚ್ಚಿದರೆ ಕೊಡುತ್ತಿತ್ತು, ಅಷ್ಟೇ. ಅವನು ನೆಲದ ಮೇಲೆ ಕೂತು ಒಂದೊಂದು ಬ್ಯಾಟರಿಗೂ ಗುಟುಕು ಗುಟುಕಾಗಿ ಕೊಡಿಸಿದ. ಐದು ಎದ್ದವು. ಆರನೆಯದು ಏಳಲಿಲ್ಲ. ಬರಿದಾಗಿ ಬಹಳ ದಿನ ನಿಂತು ಅದರ ಒಳಗೆಲ್ಲ ಹರಳುಗಟ್ಟಿತ್ತು. ಒಂದು ತಿಂಗಳ ಹಿಂದೆ ಯಾರಾದರೂ ಬಂದಿದ್ದರೆ ಇದೂ ಏಳುತ್ತಿತ್ತು ಎಂದು ಹೇಳಿ, ಅದನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟ. ಆ ಜಾಗದಲ್ಲಿ ಬೇರೆಯದನ್ನು ಕೂರಿಸಿ ದೊಡ್ಡ ಚಾರ್ಜರಿನ ತಂತಿ ಸಿಕ್ಕಿಸಿದಾಗ ಟಕ್ಕೆಂದು ದೀಪ ಹತ್ತಿತು.

ಕತೆ ಅಲ್ಲಿಗೆ ನಿಂತಿತು.

ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡಳು. ತನಗೆ ಬೇಕಾದದ್ದು ಸಿಕ್ಕಿತು ಎಂದೇ ಅವಳಿಗೆ ಅನ್ನಿಸಿತು.

"ಅಂದರೆ ಚಾರ್ಜರಿನದು ತಪ್ಪಿಲ್ಲ ಅಂತಾಯಿತಲ್ಲ, ಅಜ್ಜಾರೇ. ಅದು ಕೊಡಲು ಸಿದ್ಧವಾಗಿಯೇ ಇತ್ತು. ಆ ಕಡೆಯಿಂದ ಏನೂ ಬರದಿದ್ದರೆ, ಪಾಪ, ಅದಾದರೂ ಏನು ಮಾಡೀತು?"

ಗುರುಗಳು ಅವಳನ್ನು ನೋಡಿ ಮೆಲ್ಲಗೆ ಹೇಳಿದರು:

"ಚಾರ್ಜರಿಗೆ ಕಾಲಿರಲಿಲ್ಲ, ಮಹಾನಂದಾ."