ತೊಳೆದ ಸೀಸೆ

ಸಾಕಮ್ಮನಿಂದ ಆಶ್ರಮ ನಡೆಯುವುದಿಲ್ಲ ಎಂದು ಮೊದಲು ಹೇಳಿದವರು ಅವಳ ಗುರುವಿನ ಹಿರಿಯ ಶಿಷ್ಯರೇ. ಸೌದೆ ಹೊರುತ್ತಿದ್ದವಳು, ಅಕ್ಷರ ಬಾರದವಳು, ರೋಗಿಗಳನ್ನು ಬೇರೆ ಸಾಕುತ್ತಾಳಂತೆ ಎಂದು ನಕ್ಕರು.

ಅವಳು ಔಷಧಿ ಪೊಟ್ಟಣಗಳ ಮೇಲಿನ ಅಕ್ಷರ ಕೂಡಿಸಿ ಓದಲು ಕಲಿತಳು. ಹೊಳೆಯ ದಂಡೆಯಲ್ಲಿ ಆಶ್ರಮದ ಗೋಡೆ ಎಬ್ಬಿಸಿದಳು. ನಕ್ಕವರು ಜ್ವರ ಬಂದಾಗ ಅಲ್ಲಿಗೇ ಬಂದು ಮಲಗಿದರು.

ಆಶ್ರಮಕ್ಕೆ ಅವಳು ಮಾಡಿದ ನಿಯಮ ಒಂದೇ. ಹೊರಗಿನಿಂದ ಬಂದ ಯಾವ ಪಾತ್ರೆಯನ್ನೂ ಹೊಳೆಯಲ್ಲಿ ತೊಳೆಯದೆ ಬಳಸುವಂತಿಲ್ಲ.

ಒಮ್ಮೆ ಅಡುಗೆಯ ಈರಮ್ಮನಿಗೆ ಚಳಿಜ್ವರ ಬಂತು. ಮೂತ್ರ ಉರಿಯುತ್ತಿತ್ತು. ಮೊದಲೇ ಸಕ್ಕರೆ ಕಾಯಿಲೆಯ ಮೈ.

ಪಟ್ಟಣದ ಡಾಕ್ಟರಮ್ಮ ಮಾತ್ರೆ ಬರೆದರು. ಜೊತೆಗೆ ಸೀಲು ಹಾಕಿದ ಒಂದು ಪುಟ್ಟ ಸೀಸೆ ಕೊಟ್ಟರು.

"ಮಾತ್ರೆ ನುಂಗುವ ಮೊದಲು ಇದರಲ್ಲಿ ಮೂತ್ರ ಹಿಡಿದು ಲ್ಯಾಬಿಗೆ ಕೊಡಿ. ಕಲ್ಚರ್ ಪರೀಕ್ಷೆ ಇದು. ಒಳಗಿರುವ ಕ್ರಿಮಿಯನ್ನು ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುತ್ತಾರೆ. ವರದಿ ಬಂದ ತಕ್ಷಣ ನನಗೆ ತೋರಿಸಿ. ಮಾತ್ರೆ ಬದಲಿಸಬೇಕಾಗಬಹುದು."

ರೋಗಿಗಳ ಕೋಣೆ ನೋಡಿಕೊಳ್ಳುತ್ತಿದ್ದ ಶಿಷ್ಯೆ ಕಾಮಾಕ್ಷಿ ತಲೆಯಾಡಿಸಿದಳು.

ಆಗ ಸಾಕಮ್ಮ ಪರಊರಿಗೆ ಹೋಗಿದ್ದಳು. ವರದಿ ಬಂದ ಮೇಲೆ ಹಿಂತಿರುಗಿದಾಗ, ರೋಗ ಅಂಟೀತೆಂದು ಈರಮ್ಮನ ತಟ್ಟೆ ಲೋಟಗಳನ್ನು ಹೊರಗೆ ಬೇರೆ ಇಟ್ಟಿದ್ದರು. ಈರಮ್ಮನ ಮೈ ಕೆಂಡದಂತಿತ್ತು.

"ಏನೇ ಇದು?"

"ಮೂರು ಜಾತಿಯ ಕ್ರಿಮಿಗಳಂತೆ ತಾಯಿ," ಎಂದಳು ಈರಮ್ಮ. "ಊರಿಗೆಲ್ಲ ಬೇಯಿಸಿ ಹಾಕಿದೆ ನೋಡಿ, ಈಗ ನನ್ನೊಳಗೇ ಛತ್ರ ತೆರೆದಿದ್ದಾರೆ."

ಸಾಕಮ್ಮ ನಗಲಿಲ್ಲ. ಕಾಮಾಕ್ಷಿಯನ್ನು ಕರೆದಳು.

"ವರದಿ ಓದು."

"ಮೂರು ಬಗೆಯ ಕ್ರಿಮಿಗಳು ಬೆಳೆದಿವೆ. ಮಾದರಿಗೆ ಹೊರಗಿನದು ಸೇರಿರಬಹುದು. ಮತ್ತೊಮ್ಮೆ ಕಳಿಸಿ."

"ಕಳಿಸಿದೆಯಾ?"

"ಈ ಮಾತ್ರೆ ಮುಗಿಯಲಿ, ಆಮೇಲೆ ಕಳಿಸೋಣ ಅಂದುಕೊಂಡೆ."

"ಡಾಕ್ಟರಮ್ಮನಿಗೆ ತೋರಿಸಿದೆಯಾ?"

"ನನಗೇ ಓದೋಕೆ ಬರುತ್ತಲ್ಲ ತಾಯಿ."

"ಬರುತ್ತೆ. ಕೊನೇ ಸಾಲಿನಂತೆ ನಡೆಯೋಕೆ ಬರಲ್ಲ. ಸೀಸೆ ಹೇಗೆ ತುಂಬಿದೆ?"

"ಶ್ರದ್ಧೆಯಿಂದಲೇ. ಸೀಲು ಒಡೆದು, ಹೊಳೆಯಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಈರಮ್ಮನ ಕೈಗೆ ಕೊಟ್ಟೆ."

 ಸಾಕಮ್ಮ ಈರಮ್ಮನ ತಲೆದೆಸೆಯಲ್ಲಿದ್ದ ಮಾತ್ರೆಯ ಹಾಳೆಯನ್ನು ಎತ್ತಿ ಶಿಷ್ಯೆಯ ಎದೆಗೆ ಎಸೆದಳು.

"ಹೋಗು. ಹೊಳೆಗೆ ಕುಡಿಸು."

"ಏನನ್ನು?"

"ಮಾತ್ರೆಯನ್ನು. ಕಾಯಿಲೆ ಅದರದು ಅಂತ ನಿನ್ನ ವರದಿ ಹೇಳುತ್ತಿದೆ. ಔಷಧಿ ಇವಳಿಗೆ ಯಾಕೆ?"

ಕಾಮಾಕ್ಷಿ ಮಾತ್ರೆ ಹಿಡಿದು ಹೊಳೆಗೆ ಇಳಿದಳು. ಮೇಲುಗಡೆ ಎಮ್ಮೆಗಳು ನೀರಲ್ಲಿ ಮಲಗಿದ್ದವು. ಪಕ್ಕದಲ್ಲಿ ಯಾರೋ ಮಗುವಿನ ಬಟ್ಟೆ ಜಾಲಿಸುತ್ತಿದ್ದರು. ಅವಳು ತನ್ನ ಅಂಗೈಯನ್ನು ನೋಡಿದಳು, ನೀರನ್ನು ನೋಡಿದಳು. ಓಡುತ್ತಾ ಬಂದಳು.

"ಆ ಕ್ರಿಮಿಗಳು ಈರಮ್ಮನವಲ್ಲ ತಾಯಿ."

"ಒಂದು ಅವಳದೂ ಇರಬಹುದು. ಯಾವುದು?"

"ಗೊತ್ತಿಲ್ಲ."

"ಅದನ್ನು ತಿಳಿಯೋಕೇ ಆ ಸೀಸೆಯನ್ನು ಒಂದು ಕ್ರಿಮಿಯೂ ಇಲ್ಲದಂತೆ ಮಾಡಿ ಸೀಲು ಹಾಕಿದ್ದರು. ನೀನು ಅದನ್ನು ಶುದ್ಧ ಮಾಡಿದೆ."

ಕಾಮಾಕ್ಷಿಯ ಕಣ್ಣು ತುಂಬಿತು. ಆದರೂ ತಲೆ ಎತ್ತಿದಳು.

"ತೊಳೆಯದೆ ಬಳಸಬಾರದು ಅನ್ನೋ ನಿಯಮ ನಾನು ಮಾಡಿದ್ದಲ್ಲ."

ಬಾಗಿಲಲ್ಲಿ ಹೆಂಗಸರು ಗುಂಪುಗೂಡಿದ್ದರು.

 ಸಾಕಮ್ಮ ಬಾಗಿಲ ಕಡೆ ತಿರುಗಿ ಗದರಿದಳು.

"ನಿಂತು ನೋಡ್ತೀರಾ? ಆಟೋ ಕರೀರಿ. ಇವಳ ತಟ್ಟೆ ಒಳಗೆ ತನ್ನಿ. ಇವಳ ಜ್ವರ ತಟ್ಟೆಗೆ ಅಂಟೋದಲ್ಲ."

ಆಸ್ಪತ್ರೆಯಲ್ಲಿ ನರ್ಸು ಹೊಸ ಸೀಸೆ ಕೊಟ್ಟಳು. ಕಾಮಾಕ್ಷಿ ಮೊದಲು ಸೋಪು ಹಚ್ಚಿ ಕೈ ತೊಳೆದಳು. ಈರಮ್ಮನಿಗೆ ಮೈ ಶುಚಿ ಮಾಡಿಸಿದಳು. ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ನೇರ ಸೀಸೆಗೆ ಹಿಡಿಸಿದಳು. ಮುಚ್ಚಳದ ಒಳಮೈಗೆ ಬೆರಳು ತಾಕಿಸಲಿಲ್ಲ. ಈಗಾಗಲೇ ಯಾವ ಮಾತ್ರೆ ನುಂಗಿದ್ದಾಳೆ ಎಂಬುದನ್ನು ಲ್ಯಾಬಿನವರಿಗೆ ತಾನೇ ಹೇಳಿದಳು.

ಈ ಸಲ ಒಂದೇ ಕ್ರಿಮಿ ಬೆಳೆಯಿತು, ದಟ್ಟವಾಗಿ. ಅದರ ಕೆಳಗೆ ಔಷಧಿಗಳ ಹೆಸರುಗಳಿದ್ದವು. ಈರಮ್ಮ ನುಂಗುತ್ತಿದ್ದ ಮಾತ್ರೆಯ ಎದುರಿಗೆ, ಈ ಕ್ರಿಮಿ ಇದಕ್ಕೆ ಜಗ್ಗುವುದಿಲ್ಲ ಎಂದಿತ್ತು.

ಡಾಕ್ಟರಮ್ಮ ಅಂದೇ ಔಷಧಿ ಬದಲಿಸಿದರು. "ಮೊದಲ ಸೀಸೆಯೇ ಸರಿಯಾಗಿದ್ದಿದ್ದರೆ," ಎಂದವರು ಮಾತು ಮುಗಿಸಲಿಲ್ಲ. ಕೀವು ಆಗಲೇ ಎಡಗಡೆಯ ಕಿಡ್ನಿಯನ್ನು ತಿಂದಿತ್ತು. ಅದನ್ನು ತೆಗೆಯಬೇಕಾಯಿತು.

ಈರಮ್ಮ ಉಳಿದಳು. ಆಶ್ರಮಕ್ಕೆ ಮರಳಿದವಳು ಒಲೆಯ ಮುಂದೆ ಕೂತು, ಹುಳಿಗೆ ಉಪ್ಪು ಸಾಲದು ಎಂದು ಎಲ್ಲರನ್ನೂ ಬೈದಳು.

ಕಾಮಾಕ್ಷಿ ರೋಗಿಗಳ ಕೋಣೆಯ ಬೀಗದ ಕೈಯನ್ನು ಸಾಕಮ್ಮನ ಪಾದದ ಬಳಿ ಇಟ್ಟಳು.

"ಇದನ್ನು ಬೇರೆ ಯಾರಿಗಾದರೂ ಕೊಡಿ ತಾಯಿ. ನಾನು ದನ ಕಾಯುತ್ತೇನೆ."

"ದನಗಳು ಏನು ಪಾಪ ಮಾಡಿವೆ?"

"ಹಾಗಾದರೆ ಆಶ್ರಮ ಬಿಟ್ಟು ಹೋಗುತ್ತೇನೆ."

"ಹೋಗಿ ಹಗುರಾಗಬೇಕು ನಿನಗೆ."



ಸಾಕಮ್ಮ ಬೀಗದ ಕೈಯನ್ನು ಕಾಲಿನಿಂದಲೇ ಅವಳತ್ತ ತಳ್ಳಿದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಆ ಸೀಸೆಯನ್ನು ತೊಳೆಯಬಾರದು ಅಂತ ತಿಳಿದವರು ಈ ಆಶ್ರಮದಲ್ಲಿ ಈಗ ಇಬ್ಬರಿದ್ದೇವೆ, ನೀನು ಮತ್ತು ನಾನು. ನಮ್ಮಿಬ್ಬರನ್ನು ತಯಾರು ಮಾಡೋಕೆ ಈರಮ್ಮನ ಒಂದು ಕಿಡ್ನಿ ಹೋಯಿತು. ಏಳು, ಕೋಣೆಯ ಬಾಗಿಲು ತೆಗೆ."